ಮಲಗುವವರನ್ನು ಕೇಳಿ ಮಂಚ ಹಾಕಿ

ಮಾನ್ಯ ಸಂಪಾದಕರೇ,

ಬಸ್ ನಿಲ್ದಾಣದ ಹಿಂದಿನ ವಸತಿರಹಿತರ ಆಶ್ರಯ ಕೇಂದ್ರ ದುರಸ್ತಿಯಾಗಿ ಮೂರು ವಾರವಾದರೂ ಖಾಲಿ ಬಿದ್ದಿರುವ ಸುದ್ದಿಯನ್ನು ನಿನ್ನೆಯ ಪತ್ರಿಕೆಯಲ್ಲಿ ಓದಿದೆವು. ಅವರಿಗೆ ಒಳಗೆ ಮಲಗಿ ಅಭ್ಯಾಸವಿಲ್ಲ, ಎಷ್ಟು ಕರೆದರೂ ಬರುವುದಿಲ್ಲ ಎಂದು ಅಧಿಕಾರಿಗಳು ಹೇಳಿದ್ದನ್ನೂ ಓದಿದೆವು. ಮೈ ಉರಿಯಿತು. ಯಾಕೆ ಬರುವುದಿಲ್ಲ ಎಂದು ಅಲ್ಲಿ ಮಲಗಬೇಕಾದ ಒಬ್ಬರನ್ನಾದರೂ ಇವರು ಕೇಳಿದ್ದಾರೆಯೇ?

ಹಾಲ್ ಉದ್ದ 40 ಅಡಿ, ಅಗಲ 30 ಅಡಿ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯ ಪ್ರಕಾರ ತಲೆಗೆ ಕನಿಷ್ಠ 50 ಚದರ ಅಡಿ ಬೇಕು. ಲೆಕ್ಕ ಹಾಕಿದರೆ 24 ಜನ. ಅಲ್ಲಿ ಎರಡಂತಸ್ತಿನ ಕಬ್ಬಿಣದ ಮಂಚ 25 ಜೋಡಿಸಿ, 50 ಜನರಿಗೆ ವಸತಿ ಎಂದು ಬೋರ್ಡು ಬರೆಸಿದ್ದಾರೆ. ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುವ ಹಲವರಿಗೆ ರಾತ್ರಿ ಮಂಪರು ಇರುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಅಂಥವರು ಮಧ್ಯರಾತ್ರಿ ಮೂತ್ರಕ್ಕೆಂದು ಮೇಲಿನ ಮಂಚದಿಂದ ಬೆರಳು ದಪ್ಪದ ಸರಳಿನ ಏಣಿ ಇಳಿಯಬೇಕು. ಬಿದ್ದರೆ ಯಾರು ಹೊಣೆ?

ತಲೆಯ ಮೇಲೆ ಟ್ಯೂಬ್‌ಲೈಟು ಬೆಳಗಿನವರೆಗೂ ಉರಿಯುತ್ತದೆ, ಸ್ವಿಚ್ಚು ಮೇಲ್ವಿಚಾರಕರ ಕೋಣೆಯಲ್ಲಿ. ಮನಸ್ಸು ಕೆಲವು ಕಾಲ ವಿಪರೀತ ಉಬ್ಬಿ, ಕೆಲವು ಕಾಲ ವಿಪರೀತ ಕುಗ್ಗುವ ಬೈಪೋಲಾರ್ ಕಾಯಿಲೆ ಇರುವವರಿಗೆ ಒಂದೆರಡು ರಾತ್ರಿ ನಿದ್ದೆ ಕೆಟ್ಟರೂ ಕಾಯಿಲೆ ಕೆರಳಬಹುದು. ಹಾಸಿಗೆಯಿಂದ ಶೌಚಾಲಯದವರೆಗೆ ನೆಲದಿಂದ ಒಂದಡಿ ಎತ್ತರದಲ್ಲಿ ನಾಲ್ಕು ಮಂದ ಬಲ್ಬು ಹಾಕಿದ್ದರೆ ಆಗುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಬಾಗಿಲು. ಹೊರಗಡೆ ಒಂದಡಿಯ ಹೊಸ ಬೋಲ್ಟು ಕೂರಿಸಿದ್ದಾರೆ. ಒಳಗಿನ ಚಿಲಕ ಮಾತ್ರ ಹಳೆಯದೇ, ಒಂದು ಮೊಳೆ ಕಳಚಿ ಜೋತಾಡುತ್ತಿದೆ. ಲಾಕಪ್ಪಿನಲ್ಲೋ ಭಿಕ್ಷುಕರ ಕೇಂದ್ರದಲ್ಲೋ ಕೂಡಿಹಾಕಿಸಿಕೊಂಡು ಬಂದವರು ಆ ಬೋಲ್ಟನ್ನು ನೋಡಿದ ಕೂಡಲೇ ಗಂಟು ಎತ್ತಿಕೊಂಡು ಹೊರಟುಬಿಡುತ್ತಾರೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ತರಕಾರಿ ಮಾರುಕಟ್ಟೆಯ ಹಮಾಲಿಗಳು ಲಾರಿ ಬರುವ ಎರಡು ಗಂಟೆಗೆ ಹೊರಗೆ ಹೋಗುವುದು ಹೇಗೆ?

ಲಾಕರು ಒಂದಡಿಗೆ ಒಂದಡಿ, ಕೀಲಿಯೂ ಮೇಲ್ವಿಚಾರಕರ ಬಳಿ. ಗೋಣಿಚೀಲ ಅದರೊಳಗೆ ಹಿಡಿಸುವುದಿಲ್ಲ, ಹಿಡಿಸಿದರೂ ಕೀಲಿ ಇನ್ನೊಬ್ಬರ ಕೈಯಲ್ಲಿದ್ದರೆ ನಿದ್ದೆ ಬರುವುದಿಲ್ಲ. ಎರಡಡಿ ಉದ್ದದ ಪೆಟ್ಟಿಗೆಯನ್ನು ಮಂಚದ ಕೆಳಗೇ ಕೂರಿಸಿ, ಅವರವರ ಬೀಗ ಹಾಕಿಕೊಳ್ಳಲು ಕೊಂಡಿ ಇಟ್ಟಿದ್ದರೆ ಸಾಕಿತ್ತು. ಗೋಡೆಗೆ ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿಯ 14416ರ ದೊಡ್ಡ ಪೋಸ್ಟರ್ ಅಂಟಿಸಿದ್ದಾರೆ. ಹಾಲಿನಲ್ಲಿ ಮೊಬೈಲ್ ಚಾರ್ಜ್ ಮಾಡಲು ಒಂದು ಪ್ಲಗ್ ಪಾಯಿಂಟ್ ಇಲ್ಲ. ಸಂಕಟ ಬಂದ ಹೊತ್ತಿನಲ್ಲಿ ಯಾವ ಫೋನಿನಿಂದ ಕರೆ ಮಾಡಬೇಕು?

ದುರಸ್ತಿಗೆ ಮುಂಚೆ ಎಲ್ಲರನ್ನೂ ಕೇಳಿದ್ದೇವೆ, ಸಭೆಯ ಪುಸ್ತಕದಲ್ಲಿ ಸಹಿ ಇದೆ ಎನ್ನುತ್ತಾರೆ. ಆ ಸಭೆ ನಡೆದದ್ದು ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರೂ ಕೂಲಿಗೆ ಹೋದ ಹೊತ್ತಿನಲ್ಲಿ. ಉಳಿದಿದ್ದವರ ಮುಂದೆ ಎಂಜಿನಿಯರು ನೀಲಿ ನಕ್ಷೆ ಹಿಡಿದರು. ಕೇಳಿದವರು ರಿಜಿಸ್ಟರ್ ಬರೆಯುವವರೇ. ಹೆಸರು ಹೊಡೆದುಹಾಕುವ ಅಧಿಕಾರ ಇರುವವರು ಕೇಳಿದರೆ ‘ಎಲ್ಲಾ ಚೆನ್ನಾಗಿದೆ ಸಾರ್’ ಎನ್ನದೆ ಇನ್ನೇನು ಹೇಳುತ್ತಾರೆ?

ಕೇಳುವುದಕ್ಕೆ ಒಂದು ಕ್ರಮವಿದೆ. ರಾತ್ರಿ ಊಟವಾದ ಮೇಲೆ ಐದಾರು ಜನರ ಗುಂಪಿನಲ್ಲಿ ಕೂರಬೇಕು, ಹೆಂಗಸರ ಜೊತೆ ಬೇರೆಯಾಗಿ. ಹಗಲು ಕರೆದರೆ ಆ ದಿನದ ಕೂಲಿ ಕೊಡಬೇಕು. ನಕ್ಷೆ ಬೇಡ, ಖಾಲಿ ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಅಳತೆಗೆ ಸರಿಯಾಗಿ ಮಂಚ ಬರೆದು, ಮಲಗಿ ನೋಡಲು ಹೇಳಬೇಕು. ಬೆನ್ನಿಗೆ ಗೋಡೆ ಬೇಕೋ ಕಣ್ಣಿಗೆ ಬಾಗಿಲು ಕಾಣಬೇಕೋ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಮಾತಾಡದವರ ಕೈಗೆ ಹರಳು ಕೊಟ್ಟು, ಇಷ್ಟವಾದ ಜಾಗದಲ್ಲಿ ಇಡಿ ಎನ್ನಬೇಕು. ಇಲ್ಲದಿದ್ದರೆ ಗಟ್ಟಿ ಗಂಟಲಿನ ಒಬ್ಬರು ಹೇಳಿದ್ದೇ ಎಲ್ಲರ ಅಭಿಪ್ರಾಯವಾಗಿಬಿಡುತ್ತದೆ. ಮನೆ ಯಾಕೆ ಬಿಟ್ಟಿರಿ ಎಂದು ಕೆದಕಬಾರದು, ಅರ್ಧಕ್ಕೆ ಎದ್ದು ಹೋದವರನ್ನು ತಡೆಯಬಾರದು. ಅದೇ ಪ್ರಶ್ನೆಯನ್ನು ಬೇರೆ ಬೇರೆ ಮೂರು ರಾತ್ರಿ ಕೇಳಬೇಕು, ಏಕೆಂದರೆ ಮನಸ್ಸು ಸರಿಯಿಲ್ಲದ ದಿನದ ಉತ್ತರ ಬೇರೆ, ಸರಿಯಿದ್ದ ದಿನದ ಉತ್ತರ ಬೇರೆ. ಆಮೇಲೆ ನಾಲ್ಕು ಮಂಚದ ಒಂದು ಮೂಲೆಯನ್ನಷ್ಟೇ ಮಾದರಿಯಾಗಿ ಮಾಡಿ, ನಡುವೆ ತಗ್ಗಾದ ಮರೆ ನಿಲ್ಲಿಸಿ, ಹದಿನೈದು ರಾತ್ರಿ ಬಳಸಿ ನೋಡಬೇಕು. ಮಲಗಿದರೆ ಮರೆ, ಎದ್ದು ಕೂತರೆ ಹಾಲ್ ಪೂರ್ತಿ ಕಾಣಬೇಕು. ಅವರು ಹೇಳಿದ್ದರಲ್ಲಿ ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಮರಳಿ ಬಂದು ಹೇಳಬೇಕು. ಈ ಕೊನೆಯ ಕೆಲಸವನ್ನು ಯಾರೂ ಮಾಡುವುದಿಲ್ಲ. ಅದಕ್ಕೇ ಎರಡನೇ ಸಲ ಕೇಳಲು ಹೋದರೆ ಯಾರೂ ಬಾಯಿ ಬಿಡುವುದಿಲ್ಲ.

ಇದರ ಫಲ ನಮ್ಮ ಬೀದಿಯ ಮೇಲೆ. ಬೆಳಗ್ಗೆ ಅಂಗಡಿ ಷಟರ್ ಎತ್ತಬೇಕಾದರೆ ಮಲಗಿದವರನ್ನು ಎಬ್ಬಿಸಬೇಕು, ಎಬ್ಬಿಸಲು ನಮಗೂ ಸಂಕಟ. ಸಾರ್ವಜನಿಕ ಶೌಚಾಲಯಕ್ಕೆ ರಾತ್ರಿ ಒಂಬತ್ತಕ್ಕೇ ಬೀಗ ಬೀಳುವುದರಿಂದ ಹಿಂದಿನ ಓಣಿಯಲ್ಲಿ ಮೂಗು ಮುಚ್ಚದೆ ಓಡಾಡುವಂತಿಲ್ಲ. ನಿಲ್ದಾಣದ ಬೆಂಚುಗಳಿಗೆ ನಡುವೆ ಕಬ್ಬಿಣದ ಕೈಯಾಸರೆ ಬೆಸೆದು, ಮುದುಕರು ಬೆನ್ನು ಚಾಚದಂತೆ ಮಾಡಿದ್ದೂ ಇವರೇ. ಆಸ್ತಿ ತೆರಿಗೆಯ ಜೊತೆ ವರ್ಷವರ್ಷವೂ ಶೇ 3 ಭಿಕ್ಷುಕರ ಕರ ಕಟ್ಟುತ್ತಿದ್ದೇವೆ, ಆ ದುಡ್ಡು ಎಲ್ಲಿಗೆ ಹೋಗುತ್ತದೆ? 2010ರ ಆಗಸ್ಟಿನಲ್ಲಿ ಭಿಕ್ಷುಕರನ್ನು ಹಿಡಿದು ಇಡುವ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಸಾಲು ಸಾಲು ಸಾವಾದದ್ದನ್ನು ಇಷ್ಟು ಬೇಗ ಮರೆತುಬಿಟ್ಟರೇ? ವಸತಿಯಿಲ್ಲದವರಿಗೆ, ಬಿಪಿಎಲ್ ಕಾರ್ಡು ಇರಲಿ ಬಿಡಲಿ, ಮಾನಸಿಕ ಚಿಕಿತ್ಸೆ ಉಚಿತ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಇಲ್ಲಿ ಮಲಗುವುದಕ್ಕೇ ಗೇಟಿನಲ್ಲಿ ಆಧಾರ್ ಕೇಳುತ್ತಾರೆ.

ಆ ಮಂಚಗಳನ್ನೆಲ್ಲ ಎತ್ತಿಸಿ, ಕೇಳಿ, ಹೊಸದಾಗಿ ಮಾಡಿ. ಅದಾಗದಿದ್ದರೆ ಹೊರಗಿನ ಬೋಲ್ಟನ್ನಾದರೂ ಇವತ್ತೇ ಕೀಳಿಸಿ, ಟ್ಯೂಬ್‌ಲೈಟಿನ ಸ್ವಿಚ್ಚನ್ನು ಹಾಲಿನೊಳಗೆ ತನ್ನಿ. ಸಂಬಂಧಪಟ್ಟವರು ಒಂದು ರಾತ್ರಿ ಆ ಮೇಲಿನ ಮಂಚದಲ್ಲಿ ಮಲಗಿ ಎದ್ದು ಬರಲಿ, ಆಮೇಲೆ ಅಭ್ಯಾಸದ ಮಾತಾಡಲಿ. ಬಡವರ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲು ನಾಚಿಕೆಯಾಗಬೇಕು.

– ಬಸ್ ನಿಲ್ದಾಣದ ಹಿಂಬದಿಯ ನಿವಾಸಿಗಳು ಮತ್ತು ಕಾರ್ಯಕರ್ತರು