ಎಂತ ವಿಶೇಷ?

ಶಂಕರಪುರ, ಉಡುಪಿ
ಆಟಿ ತಿಂಗಳು

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಇನ್ನೂ ನನ್ನ ಕಿವಿಯಲ್ಲೇ ಇದೆ. "ಮತ್ತೆ ಎಂತ ವಿಶೇಷ?" ಅಂತ ನಾನು ಕೇಳಿದೆ. "ಎಂತದೂ ಇಲ್ಲ ದೊಡ್ಡಮ್ಮ. ಕ್ಲಾಸು, ಪಿಜಿ, ಮತ್ತೆ ಕ್ಲಾಸು" ಅಂದೆ. ಬೇಸರದಲ್ಲಿ ಹೇಳಿದ್ದಲ್ಲ, ಗೊತ್ತು. ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಮಂಗಳೂರಿಗೆ ಹೋಗಿ ಒಂದೂವರೆ ತಿಂಗಳಾಯಿತು. ಹದಿನೆಂಟು ವರ್ಷದ ಹುಡುಗಿಗೆ ಹೇಳಲು ಒಂದೂ ಸಂಗತಿ ಇಲ್ಲ ಅಂದರೆ ನನಗೆ ಸಂಕಟ ಆಗುತ್ತದೆ. ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ ಅಂತ ಪತ್ರ ಬರೆಯಲು ಕೂತೆ.

ನಾನು ಮಂಗಳೂರಿಗೆ ಓದಲು ಹೋದದ್ದು 1983ರಲ್ಲಿ. ನಿನ್ನ ಅಜ್ಜ ಅಂಗಡಿ ನಡೆಸಿದವರು, ಲೆಕ್ಕದಲ್ಲಿ ಬಿಗಿ. ತಿಂಗಳ ದುಡ್ಡಿನ ಜೊತೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಟ್ಟರು. ಖರ್ಚು ಮಾಡಿದ ದಿನವೇ ಬರೆಯಬೇಕು, ಪ್ರತಿ ಖರ್ಚಿನ ಎದುರು ಕಾರಣವನ್ನೂ ಬರೆಯಬೇಕು ಅಂತ ಅವರ ನಿಯಮ. ಸೋಪು, ನೋಟ್‌ಬುಕ್, ಬಸ್ಸು. ಇದಕ್ಕೆಲ್ಲ ಕಾರಣ ಸುಲಭ. ಒಂದು ಸಂಜೆ ಹಂಪನಕಟ್ಟೆಯಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡೆ. ಕೊಡೆ ಇದ್ದೂ ಪ್ರಯೋಜನವಿಲ್ಲದ ಮಳೆ. ಪಕ್ಕದ ಹೋಟೆಲಿಗೆ ನುಗ್ಗಿ ಗೋಳಿಬಜೆ ತಿಂದೆ. ರಾತ್ರಿ ಬರೆದೆ: "ಗೋಳಿಬಜೆ, 1 ರೂಪಾಯಿ. ಕಾರಣ: ಮಳೆ."

ಬರೆದ ಮೇಲೆ ಹೆದರಿಕೆ ಆಯಿತು. ಇದೂ ಒಂದು ಕಾರಣವಾ ಅಂತ ಅಜ್ಜ ಕೇಳಿದರೆ? ಹಾಗಾಗಿ ಕೆಳಗೆ ಇನ್ನಷ್ಟು ಸೇರಿಸಿದೆ. "ಬಾಣಲೆ ಇಳಿಸುವ ಹೊತ್ತಾಗಿತ್ತು. ಕೊನೆಯ ಸುತ್ತು ಅಂತ ಎರಡು ಜಾಸ್ತಿ ಹಾಕಿದರು. ಚಟ್ನಿಯಲ್ಲಿ ಶುಂಠಿ ಚೆನ್ನಾಗಿತ್ತು. ಎದುರು ಕೂತ ಹೆಂಗಸು ತನ್ನ ಸೆರಗಿನಲ್ಲಿ ಮಗುವಿನ ತಲೆ ಒರೆಸುತ್ತಿದ್ದಳು."

ತಿಂಗಳ ಕೊನೆಗೆ ಊರಿಗೆ ಹೋದಾಗ ಅಜ್ಜ ಕನ್ನಡಕ ಹಾಕಿಕೊಂಡು ಪುಟ ಪುಟ ಓದಿದರು. ಏನೂ ಮಾತಾಡಲಿಲ್ಲ. ಪುಸ್ತಕ ವಾಪಸ್ ಕೊಡುವಾಗ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದರು: "ಕಾರಣ ಇದೇ ರೀತಿ ವಿವರವಾಗಿ ಬರೆಯುವುದು." ಮುಂದಿನ ತಿಂಗಳ ದುಡ್ಡಿನಲ್ಲಿ ಐದು ರೂಪಾಯಿ ಹೆಚ್ಚು ಇತ್ತು.

ಆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು ಅಂತ ಕೇಳಿದರೆ ನನಗೆ ನೆನಪಿಲ್ಲ. ಆದರೆ "ಬಸ್ಸು, ಖರ್ಚಿಲ್ಲ. ಕಾರಣ: ಬಾವುಟಗುಡ್ಡೆಯಿಂದ ಸಮುದ್ರ ಕಾಣುತ್ತಿತ್ತು, ನಡೆದೇ ಇಳಿದೆ" ಅನ್ನುವ ಸಾಲು ಓದಿದರೆ ಆ ಸಂಜೆಯ ಬಿಸಿಲು ಸಹ ನೆನಪಾಗುತ್ತದೆ. ಬರೆಯದೆ ಇದ್ದಿದ್ದರೆ ಅದು ಹೋಗಿಯೇ ಬಿಡುತ್ತಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ರೂಮ್‌ಮೇಟ್ ವಿಜಯಪುರದವಳು ಅಂತ ಅಮ್ಮ ಹೇಳಿದಳು. ಹೋಟೆಲಿನಲ್ಲಿ ಬನ್ಸ್ ಹೇಳಿದಾಗ ಬೇಕರಿಯ ಬನ್ ಬರುತ್ತದೆ ಅಂತ ಕಾದಿದ್ದಳಂತೆ, ಪೂರಿಯ ಹಾಗೆ ಉಬ್ಬಿದ್ದು ಬಂತಂತೆ. ಸಿಹಿಯಾ ಖಾರವಾ ಅಂತ ಗೊತ್ತಾಗದೆ ಮೂರು ತಿಂದಳಂತೆ. ಇದನ್ನು ಅಮ್ಮನಿಗೆ ಹೇಳಿದವಳು ನೀನೇ ಅಲ್ವಾ? ಮತ್ತೆ ನನಗೆ ಯಾಕೆ "ಎಂತದೂ ಇಲ್ಲ" ಅಂದೆ? ನಮಗೆ ಹುಟ್ಟಿದಾಗಿನಿಂದ ಬನ್ಸ್ ಗೊತ್ತು. ಹಣ್ಣಾಗಿ ಕಪ್ಪು ತಿರುಗಿದ ಬಾಳೆಹಣ್ಣು, ಮೊಸರು, ಜೀರಿಗೆ, ರಾತ್ರಿಯಿಡೀ ನೆನೆದ ಹಿಟ್ಟು. ಅದರಲ್ಲಿ ಆಶ್ಚರ್ಯ ಪಡುವಂಥದ್ದು ಇದೆ ಅಂತ ನಮಗೆ ತೋರಿಸಲು ವಿಜಯಪುರದಿಂದ ಒಬ್ಬಳು ಬರಬೇಕಾಯಿತು. ಅಂಥವಳು ಪಕ್ಕದ ಮಂಚದಲ್ಲಿ ಮಲಗುತ್ತಾಳೆ. ಅದು ನಿನ್ನ ಭಾಗ್ಯ ಪುಟ್ಟಿ.

ಮಳೆಯನ್ನೂ ಅವಳ ಜೊತೆ ನೋಡು. ಅವಳ ಊರಿನಲ್ಲಿ ಇಡೀ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳು 1000 ದಾಟುವುದುಂಟು. ರಾತ್ರಿ ಹಂಚಿನ ಮೇಲೆ ಬೀಳುವ ಆ ಸದ್ದಿಗೆ ಅವಳಿಗೆ ನಿದ್ದೆ ಬರುತ್ತದಾ ಕೇಳು. ಬಟ್ಟೆ ನಾಲ್ಕು ದಿನ ಒಣಗದೆ ವಾಸನೆ ಬರುವುದನ್ನು ಕಂಡು ಏನು ಅನ್ನುತ್ತಾಳೆ ಕೇಳು. ಜಿಲ್ಲಾಧಿಕಾರಿ ನಾಳೆ ರಜೆ ಕೊಡುತ್ತಾರಾ ಅಂತ ನೀವೆಲ್ಲ ರಾತ್ರಿ ಮೊಬೈಲು ಹಿಡಿದು ಕಾಯುತ್ತೀರಲ್ಲ, ಆ ಕಾಯುವ ಖುಷಿ ರಜೆಗಿಂತ ದೊಡ್ಡದು. ಶಾಲೆಗೆ ಮಾತ್ರ ರಜೆ, ಡಿಗ್ರಿಯವರಿಗೆ ಇಲ್ಲ ಅಂತ ಗೊತ್ತಾದರೂ ಆ ಒಂದು ಗಂಟೆ ನಿಮ್ಮದೇ.

ಇದು ತಾನಾಗಿ ಬರುವುದು. ಇನ್ನು ಕೆಲವಕ್ಕೆ ನೀನು ಸ್ವಲ್ಪ ಜಾಗ ಮಾಡಿಕೊಡಬೇಕು. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದನ್ನು ವಾರಕ್ಕೆ ಎರಡು ದಿನವಾದರೂ ಬಿಡು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತದೆ. ಕಂಡಕ್ಟರು ಮುಖ ನೋಡಿ ಭಾಷೆ ಬದಲಾಯಿಸುತ್ತಾನೆ. ಅದನ್ನು ಕೇಳುವುದೇ ಒಂದು ಪಾಠ. ಮಳೆ ಕಳೆದ ಮೇಲೆ ಒಂದು ದಿನ ಸುಲ್ತಾನ್ ಬತ್ತೇರಿಗೆ ಹೋಗು. ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿ. ಸಮುದ್ರ ನೋಡಲು ಬಸ್ಸಿನಲ್ಲೂ ಹೋಗಬಹುದು, ಆದರೆ ದೋಣಿಯಲ್ಲಿ ಹೋದ ಸಮುದ್ರವೇ ಬೇರೆ.

ಬಾವುಟಗುಡ್ಡೆಯ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದ್ದೀಯಾ? ಇಲ್ಲದಿದ್ದರೆ ಈ ತಿಂಗಳಲ್ಲೇ ನೋಡು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಅನ್ನುವ, ಕ್ರೈಸ್ತರ ಜೆಸ್ವಿಟ್ ಸಂಘದ ಬ್ರದರ್ 19ನೇ ಶತಮಾನದ ಕೊನೆಗೆ ಅದರ ಗೋಡೆ, ಚಾವಣಿ ತುಂಬಾ ಚಿತ್ರ ಬಿಡಿಸಿದರು. ಗೋಡೆಯ ಮೇಲಿನ ಕೆಲಸ ಫ್ರೆಸ್ಕೊ. ಅಂದರೆ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಾಕಬೇಕು, ಆಗ ಬಣ್ಣ ಗಾರೆಯ ಒಳಗೇ ಸೇರಿಕೊಳ್ಳುತ್ತದೆ. ಒಣಗಿದ ಮೇಲೆ ಹಾಕಿದರೆ ಹಾಗೆ ಹಿಡಿಯುವುದಿಲ್ಲ. ಇದನ್ನು ತಿಳಿದ ದಿನ ನನಗೆ ಅಜ್ಜನ ನಿಯಮ ನೆನಪಾಯಿತು. ಆ ದಿನದ್ದು ಆ ದಿನವೇ ಬರೆಯಬೇಕು ಅಂತ ಅವರು ಹೇಳಿದ್ದು ಲೆಕ್ಕ ತಪ್ಪಬಾರದು ಅಂತ. ನನಗೆ ಅದು ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬಂತು. ಫೋಟೋ ತೆಗೆಯುತ್ತೀಯ, ತೆಗೆ. ಬೇಡ ಅನ್ನುವುದಿಲ್ಲ. ಆದರೆ ಚಟ್ನಿಯ ಶುಂಠಿ ಫೋಟೋದಲ್ಲಿ ಬರುವುದಿಲ್ಲ. ಒಂದು ಸಾಲು ಬರೆ, ಅಥವಾ ಯಾರಿಗಾದರೂ ಅದೇ ರಾತ್ರಿ ಹೇಳು.

ದಿನವೂ ಖುಷಿಯಾಗಿರಬೇಕು ಅಂತ ನಾನು ಹೇಳುತ್ತಿಲ್ಲ. ಅದು ಆಗುವುದೂ ಇಲ್ಲ. ನನ್ನ ಪುಸ್ತಕದಲ್ಲಿ ಒಂದು ಸಾಲಿದೆ: "ಟ್ರಂಕ್ ಕಾಲ್. ಕಾರಣ: ಸುಮ್ನೆ." ಆವತ್ತು ಹಾಸ್ಟೆಲಿನಲ್ಲಿ ನನ್ನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಪೋಸ್ಟ್ ಆಫೀಸಿಗೆ ಹೋಗಿ ಊರಿನ ಪಕ್ಕದ ಮನೆಗೆ ಫೋನು ಮಾಡಿಸಿದೆ. ಅಜ್ಜ ಓಡಿ ಬಂದು ಮಾತಾಡಿದರು. ನಾನು ಅತ್ತದ್ದು ಬಿಟ್ಟರೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹಾಸ್ಟೆಲ್ ಗೇಟಿನಲ್ಲಿ ನಿಂತಿದ್ದರು. ಅಂಗಡಿ ಬಾಗಿಲು ಹಾಕಿ ಬಂದಿದ್ದರು. ಇಡೀ ಪುಸ್ತಕದಲ್ಲಿ ಅವರು ವಿವರ ಕೇಳದೆ ಬಿಟ್ಟ ಸಾಲು ಅದೊಂದೇ. ಹಾಗಾಗಿ ಬೇಸರವಾದ ದಿನ ಬೇಸರ ಅಂತಲೇ ಹೇಳು. ಅರ್ಧ ರಾತ್ರಿಯಾದರೂ ಫೋನು ಮಾಡು. ಕಾರಣ ಬೇಡ.

ಶನಿವಾರ ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ಕಟ್ಟು ಕಳಿಸುತ್ತೇನೆ. ಜ್ಯೋತಿ ಸ್ಟಾಪಿನಲ್ಲಿ ನಿಂತು ಕಂಡಕ್ಟರರಿಂದ ತೆಗೆದುಕೋ. ಬಸ್ ನಂಬ್ರ ವಾಟ್ಸಾಪ್ ಮಾಡುತ್ತೇನೆ. ಪತ್ರೊಡೆ ಇದೆ. ಕೆಸುವಿನ ಎಲೆ ಈಗ ಎಳೆಯದು, ಹುಳಿ ಚೆನ್ನಾಗಿ ಹಾಕಿದ್ದೇನೆ, ಗಂಟಲು ತುರಿಸುವುದಿಲ್ಲ ಅಂತ ರೂಮ್‌ಮೇಟಿಗೆ ಮೊದಲೇ ಹೇಳು. ಈ ಮಳೆಗೆ ಮಲ್ಲಿಗೆ ಗಿಡದಲ್ಲಿ ಹೂ ಕಡಿಮೆ, ಆದರೂ ಒಂದು ಚೆಂಡು ಕಟ್ಟಿಸುತ್ತೇನೆ. ಒಂದು ಚೆಂಡಿಗೆ 800 ಮೊಗ್ಗು ಅಂದರೆ ಅವಳು ನಂಬುವುದಿಲ್ಲ. ಬೇಕಿದ್ದರೆ ಎಣಿಸಲಿ. ಮುಡಿಯದಿದ್ದರೆ ಕಿಟಕಿಯ ಹತ್ತಿರ ಇಡಿ, ಸಂಜೆ ಹೊತ್ತಿಗೆ ಅರಳುತ್ತದೆ.

ಕಟ್ಟಿನ ಅಡಿಯಲ್ಲಿ ಒಂದು ಲೆಕ್ಕದ ಪುಸ್ತಕವೂ ಇದೆ. ಮೊದಲ ಪುಟದಲ್ಲಿ ಗೆರೆ ಎಳೆದಿದ್ದೇನೆ. ಸ್ಟೀಲ್ ಡಬ್ಬಿ ನಿನ್ನ ಅಜ್ಜಿಯದು, ಚೌತಿಗೆ ಬರುವಾಗ ಮರೆಯದೆ ತಾ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ