ಬೀಗದ ಕೈ ಇನ್ನೂ ಬ್ಯಾಗಿನಲ್ಲೇ ಇದೆಯಾ?

ತಿಪಟೂರು
ಭಾನುವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಐದು ದಿನವಾಯಿತು. ಮನೆ ವಿಷಯವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಹೊಸ ಶಾಲೆ, ಬಸ್ಸು, ಎಂಟನೇ ಕ್ಲಾಸಿನ ಗಲಾಟೆ ಎಲ್ಲ ಬರೆದು, ಮೂರನೇ ಪುಟದಲ್ಲಿ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀಯ: "ಲೈಬ್ರರಿ ಚಾರ್ಜೂ ನನಗೇ ಬಂತು. ಎಣಿಸದೆ ಸಹಿ ಹಾಕಿಬಿಟ್ಟೆ. ಪುಸ್ತಕ ಕಳೆದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರಾ ದೊಡ್ಡಮ್ಮ? ಅದಕ್ಕೇ ಬೀಗದ ಕೈ ಯಾವಾಗಲೂ ನನ್ನ ಬ್ಯಾಗಿನಲ್ಲೇ ಇರುತ್ತೆ."

ಅದನ್ನು ಓದಿ ಹಾಗೇ ಕೂತುಬಿಟ್ಟೆ. ಒಲೆ ಮೇಲಿನ ಬೇಳೆ ಸೀದ ವಾಸನೆ ಪಕ್ಕದ ಮನೆಯವರಿಗೆ ಮೊದಲು ಬಂತು.

ನನ್ನ ಬ್ಯಾಗಿನಲ್ಲೂ ಇತ್ತು ಕಣೇ. ಹದಿನಾಲ್ಕು ವರ್ಷ.

ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಲೈಬ್ರರಿಗೆ ಅಂತಲೇ ಒಬ್ಬರು ಇರುವುದು ಅಪರೂಪ. ಯಾರು ಹೊಸಬರೋ ಅವರ ಕೊರಳಿಗೆ. ನನಗೆ ಕೊಟ್ಟವರು ನಿವೃತ್ತಿಗೆ ಎರಡು ದಿನ ಉಳಿದಿದ್ದ ಹಿಂದಿ ಮೇಷ್ಟ್ರು. "ಎಲ್ಲ ಸರಿಯಾಗಿದೆ ತಾಯಿ, ಇಲ್ಲೊಂದು ಸಹಿ" ಅಂದರು. ಹಿರಿಯರ ಮುಂದೆ ಎಣಿಸಿ ತಗೊಳ್ಳುವುದು ಅವಮಾನ ಮಾಡಿದ ಹಾಗೆ ಅನ್ನಿಸಿತು. ಹಾಕಿದೆ. ಆಮೇಲೆ ದಸರಾ ರಜದಲ್ಲಿ ಒಬ್ಬಳೇ ಕೂತು ಎಣಿಸಿದರೆ ಅರವತ್ತೆರಡು ಕಡಿಮೆ. ಯಾರಿಗೂ ಹೇಳಲಿಲ್ಲ. ಆಡಿಟ್‌ನವರು ಬರುತ್ತಾರೆ ಅಂದರೆ ಸಾಕು, ಹಿಂದಿನ ರಾತ್ರಿ ನಿದ್ದೆ ಇಲ್ಲ. ಆ ಅರವತ್ತೆರಡಕ್ಕೆ ಎಷ್ಟು ದುಡ್ಡಾಗುತ್ತಿತ್ತು ಗೊತ್ತಾ? ಎಷ್ಟೋ ವರ್ಷ ಆದ ಮೇಲೆ ಸ್ಟಾಕ್ ರಿಜಿಸ್ಟರಿನ ಬೆಲೆ ನೋಡಿ ಕೂಡಿಸಿದೆ. ಒಂದು ಸಾಧಾರಣ ರೇಷ್ಮೆ ಸೀರೆಯ ದುಡ್ಡು. ಅಷ್ಟಕ್ಕೆ ಅಷ್ಟು ರಾತ್ರಿ.

ನಿನ್ನ ಪ್ರಶ್ನೆಗೆ ನೇರ ಉತ್ತರ ಕೊಡಬೇಕು ಅಂತ ಎರಡು ಸಲ ಬರೆದು ಹರಿದೆ. ನಿರ್ಲಕ್ಷ್ಯ ಅಂತ ತೋರಿದರೆ ಹಿಡಿಯಬಹುದು, ನಿಜ. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಆದರೆ ನಿನ್ನ ದೊಡ್ಡಪ್ಪನ ಸ್ನೇಹಿತರ ಮಗ ಒಬ್ಬ ಕೇಂದ್ರೀಯ ವಿದ್ಯಾಲಯದಲ್ಲಿ ಲೈಬ್ರರಿಯನ್ ಆಗಿದ್ದಾನೆ. ಅವನು ಒಂದು ನಿಯಮ ತೋರಿಸಿದ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು. ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ಅಂತ ಬಿಡಬಹುದು. ಮೋಸ, ನಿರ್ಲಕ್ಷ್ಯ ಇರಬಾರದು ಅಷ್ಟೇ. ಸಾವಿರ ರೂಪಾಯಿಗಿಂತ ಜಾಸ್ತಿ ಬೆಲೆಯದು, ಇಲ್ಲಾ ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಮಾತು. ನಮಗೆ ರಾಜ್ಯದ ಹಣಕಾಸು ಸಂಹಿತೆ ಬೇರೆ ಇದೆ, ಅದನ್ನು ನಿಮ್ಮ ಗುಮಾಸ್ತರ ಹತ್ತಿರ ಕೇಳಿ ನೋಡು. ಆದರೂ ಇದನ್ನು ಓದಿದಾಗ ನನಗೆ ಅರವತ್ತಾರು ವರ್ಷ. ಮೂವತ್ತರಲ್ಲಿ ಯಾರಾದರೂ ತೋರಿಸಿದ್ದರೆ ಅಂತ ಎಷ್ಟು ಸಲ ಅಂದುಕೊಂಡೆನೋ.

ನೀನು ಲೆಕ್ಕದ ಟೀಚರು, ಇನ್ನೊಂದು ಸಲ ನೋಡು. ಬೀರುವಿನಲ್ಲಿ ಇರುವ ಸಾವಿರಕ್ಕೆ ಐದು ಅಂದಿಲ್ಲ, ಕೊಟ್ಟ ಸಾವಿರಕ್ಕೆ ಐದು. ಏನೂ ಕೊಡದವಳಿಗೆ ಕಳೆಯುವ ಹಕ್ಕು ಸೊನ್ನೆ. ಬೀಗ ಹಾಕಿದರೆ ಕ್ಷೇಮ ಅಂದುಕೊಂಡಿದ್ದೆನಲ್ಲ, ಲೆಕ್ಕವೇ ತಲೆಕೆಳಗಾಗಿತ್ತು.

ಮೊದಮೊದಲು ನಾನೂ ಕೊಡುತ್ತಿದ್ದೆ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಒಂದು ಪುಸ್ತಕ ಕಳೆದಳು. ರಿಸಲ್ಟ್ ಬಂದ ಮೇಲೆ ಟಿಸಿಗೆ ಬಂದಾಗ, ಪುಸ್ತಕ ಕೊಟ್ಟು ತಗೊಂಡು ಹೋಗು ಅಂದೆ. ಇನ್ನೊಂದು ಸಲ ಬಂದಳು, ಹಾಗೇ ಕಳಿಸಿದೆ. ಮೂರನೇ ಸಲ ಅವಳ ಅಪ್ಪ ಬಂದ. ಅಂಗಿಯ ಜೇಬಿನಿಂದ ಚಿಲ್ಲರೆ ತೆಗೆದು ನನ್ನ ಮೇಜಿನ ಮೇಲೆ ಎಣಿಸಿಟ್ಟ. ಹನ್ನೆರಡು ರೂಪಾಯಿ. ರಸೀತಿ ಕೇಳಲಿಲ್ಲ. ಪಿಯುಸಿ ಅಡ್ಮಿಷನ್ ದಿನ ಮುಗಿದಿತ್ತೋ ಏನೋ, ಆ ಹುಡುಗಿ ಆಮೇಲೆ ಏನಾದಳು ಅಂತ ನಾನು ವಿಚಾರಿಸಲೂ ಇಲ್ಲ.

ಮಾರನೇ ದಿನದಿಂದ ಬೀರು ತೆಗೆಯಲಿಲ್ಲ. ಕೊಟ್ಟರೆ ತಾನೇ ಕೇಳಬೇಕು? ಬಡ ಮಕ್ಕಳಿಗೆ ತೊಂದರೆ ಬೇಡ ಅಂತ ಹೀಗೆ ಮಾಡಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಭಯಕ್ಕೆ ಎಂಥ ಒಳ್ಳೆ ಹೆಸರು ಸಿಕ್ಕಿತು ನೋಡು.

ನಗು ಬರುವ ವಿಷಯ ಒಂದಿದೆ. ಆ ಬೀರುವಿನ ಬಾಗಿಲಿಗೆ ಲೈಬ್ರರಿ ಹೇಗಿರಬೇಕು ಅನ್ನುವ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಚಾರ್ಟ್ ಶೀಟಿನಲ್ಲಿ ನಾನೇ ಬರೆದು ಅಂಟಿಸಿದ್ದೆ. 1931ರಲ್ಲಿ ಅವರು ಬರೆದದ್ದು. ಮೊದಲನೆಯದೇ, ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಅದರ ಕೆಳಗೇ ಬೀಗ. ಅವರೂ ನಿನ್ನ ಹಾಗೆ ಲೆಕ್ಕದ ಮೇಷ್ಟ್ರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಲೈಬ್ರರಿಗೆ ಸೇರಿ, ಕೆಲವೇ ದಿನದಲ್ಲಿ ಬೇಜಾರಾಗಿ ವಾಪಸ್ ಪಾಠಕ್ಕೇ ಹೋಗುತ್ತೇನೆ ಅಂದಿದ್ದರಂತೆ. ಕೊನೆಗೆ ನಮ್ಮ ಬೆಂಗಳೂರಿಗೇ ಬಂದು, 1962ರಲ್ಲಿ ಇಲ್ಲೇ ಲೈಬ್ರರಿ ವಿದ್ಯೆ ಕಲಿಸುವ ಕೇಂದ್ರ ಕಟ್ಟಿದರು. ನೀನೂ ಇರು ಅಂತ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೂಂ, ಸ್ವಲ್ಪ ಅದಕ್ಕೂ ಹೌದು.

ಈಗ ಏನು ಮಾಡಬೇಕು ಅಂತ ಕೇಳುತ್ತೀಯ. ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಹೇಳುತ್ತೇನೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಎಣಿಸು. ಕೆಳಗಿನ ಖಾನೆಯಿಂದ ಶುರು ಮಾಡು, ಗೆದ್ದಲು ಅಲ್ಲಿಂದಲೇ ಬರುವುದು. ಎಷ್ಟು ಕಡಿಮೆ ಬಂತೋ, ಎಷ್ಟು ಹಾಳಾಗಿದೆಯೋ ಎಲ್ಲ ಬರೆದು ಹೆಡ್‌ಮಾಸ್ಟರಿಗೆ ಕೊಡು. ಎಣಿಸದೆ ಸಹಿ ಹಾಕಿದ್ದನ್ನೂ ಬರಿ, ಮುಚ್ಚಿಡಬೇಡ. ನಿನ್ನ ಪ್ರತಿಯ ಮೇಲೆ ತಾರೀಕು ಹಾಕಿಸಿ ಅವರ ಸಹಿ ತಗೋ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಅದನ್ನು ಇಡಲು ಕೇಳು. ಅವರು ಮುಖ ಸಿಂಡರಿಸಬಹುದು. ಸಿಂಡರಿಸಲಿ. ನನ್ನ ಅರವತ್ತೆರಡು ಹಾಗೆ ಕಾಗದದ ಮೇಲೆ ಬಂದಿದ್ದರೆ ಅದು ನನ್ನೊಬ್ಬಳದೇ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಹತ್ತನೆಯವರಿಗೆ ಮುಂದೇನು ಅಂತ ಮಾರ್ಗದರ್ಶನವೂ ನಿನ್ನ ತಲೆಗೇ ಬಂದಿದೆ ಅಂದೆಯಲ್ಲ. ಅದು ನನಗೆ ಅಷ್ಟು ತಿಳಿಯದು. ಐಟಿಐ, ಡಿಪ್ಲೊಮಾ, ಪಿಯುಸಿ ಅರ್ಜಿಯ ಕಾಗದಗಳನ್ನು ಲೈಬ್ರರಿ ಮೇಜಿನ ಮೇಲೇ ಹರಡಿಡು. ಬಾಯಿ ಬಿಟ್ಟು ಕೇಳದ ಮಕ್ಕಳು ಪುಸ್ತಕದ ನೆಪದಲ್ಲಿ ಬಂದು ನೋಡಿಕೊಂಡು ಹೋಗುತ್ತಾರೆ. ಅವರಿಂದ ಪುಸ್ತಕ ವಾಪಸ್ ಪಡೆಯುವುದನ್ನು ಹಾಲ್ ಟಿಕೆಟ್ ಬರುವುದಕ್ಕೆ ಮುಂಚೆಯೇ, ಫೆಬ್ರವರಿಯಲ್ಲೇ ಶುರು ಮಾಡು. ಟಿಸಿ ಹೊತ್ತಿಗೆ ಬಿಡಬೇಡ. ಬಿಟ್ಟರೂ ಟಿಸಿ ಮಾತ್ರ ಹಿಡಿಯಬೇಡ. ಇದೊಂದನ್ನು ಬೇಡಿಕೊಳ್ಳುತ್ತೇನೆ ಅಂತ ತಿಳಿ.

ನಾನು ವರ್ಗವಾಗಿ ಚಾರ್ಜ್ ಕೊಡುವಾಗ ಮೂರು ದಿನ ಎಣಿಸಿದರು. ಆ ಅರವತ್ತೆರಡನ್ನು ಅಷ್ಟರಲ್ಲಿ ಕೈಯಿಂದಲೇ ಕೊಂಡು ತಂದಿಟ್ಟಿದ್ದೆ. ಗೆದ್ದಲು ತಿಂದ ಒಂಬತ್ತು ಬಿಟ್ಟು ಎಲ್ಲ ಇದ್ದವು. "ಇಷ್ಟು ಚೊಕ್ಕ ಚಾರ್ಜ್ ಈ ಶಾಲೆಯಲ್ಲಿ ಯಾರೂ ಕೊಟ್ಟಿಲ್ಲ ಮೇಡಂ" ಅಂದರು ಗುಮಾಸ್ತರು. ಅವತ್ತು ಹೆಮ್ಮೆಯಿಂದ ಮನೆಗೆ ಬಂದು ಪಾಯಸ ಮಾಡಿದೆ. ಇಶ್ಯೂ ರಿಜಿಸ್ಟರಿನ ಕೊನೆಯ ಹೆಸರು ಆ ಹುಡುಗಿಯದೇ ಅಂತ ಹೊಳೆದದ್ದು ಎಷ್ಟೋ ದಿನ ಆದ ಮೇಲೆ.

ಎಣಿಸಿದ ಮೇಲೆ ಎಷ್ಟು ಕಡಿಮೆ ಬಂತು ಅಂತ ಬರಿ. ಅಷ್ಟನ್ನೂ ನಾನು ಕೊಡಿಸುತ್ತೇನೆ ಅಂತಲ್ಲ. ಕೊಡಿಸಿದರೂ ಕೊಡಿಸಬಹುದು, ಪಿಂಚಣಿ ಬರುತ್ತದಲ್ಲ. ಮೊದಲು ಆ ಬೀಗದ ಕೈಯನ್ನು ಸ್ಟಾಫ್ ರೂಮಿನ ಮೊಳೆಗೆ ನೇತುಹಾಕು.

ನಿನ್ನ
ದೊಡ್ಡಮ್ಮ