ಸೈನ್ಸ್ ಪಾರ್ಕ್ ಇರಲಿ, ಮೊದಲು ಗುಂಡಿ ಮುಚ್ಚಿ

ಮಾನ್ಯರೇ,

ಕಂಪನಿಗಳಿಗೆ ಜಾಗ ಕೊಟ್ಟು ಸಂಶೋಧನೆಯನ್ನು ಮಾರುಕಟ್ಟೆಗೆ ತರುತ್ತೇವೆಂದು ನಮ್ಮ ವಿಶ್ವವಿದ್ಯಾಲಯ ಕಟ್ಟಲಿರುವ ಸೈನ್ಸ್ ಪಾರ್ಕಿನ ಭೂಮಿಪೂಜೆಯ ವರದಿಯನ್ನು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೋ ಚೆನ್ನಾಗಿ ಬಂದಿದೆ. ಹಾರ, ಪೇಟ, ಹೊಸ ಗುದ್ದಲಿ ಎಲ್ಲ ಕಾಣುತ್ತವೆ. ಶಾಮಿಯಾನದ ಹಿಂದೆ ಕೇಬಲ್ಲಿಗೆಂದು ತೋಡಿದ ಗುಂಡಿ ಮಾತ್ರ ಕಾಣುವುದಿಲ್ಲ. ನಿನ್ನೆ ಸಂಜೆ ನನ್ನ ಸ್ಕೂಟಿ ಇಳಿದದ್ದು ಅದೇ ಗುಂಡಿಗೆ. ಹಿಂದೆ ಕೂತಿದ್ದ ಅತ್ತೆಯವರ ಮೊಣಕಾಲು ಬಾತಿದೆ. ಅವರ ದವಾಖಾನೆಯ ಫೈಲು, ಎಕ್ಸ್‌ರೇ ಎಲ್ಲ ಕೆಸರು ನೀರಿನ ಪಾಲಾದವು. ಅಲ್ಲಿ ಒಂದು ಕಲ್ಲು ಅಡ್ಡ ಇಟ್ಟಿಲ್ಲ, ಒಂದು ದೀಪವಿಲ್ಲ.

ಇಷ್ಟಕ್ಕೂ ನಾವು ಆ ದಾರಿ ಹಿಡಿದದ್ದು ಹಿಂದಿನ ಗೇಟಿಗೆ ಬೀಗ ಜಡಿದಿರುವುದರಿಂದ. ಭೂಮಿಪೂಜೆಯ ಬಂದೋಬಸ್ತಿಗೆ ಹಾಕಿದ ಬೀಗವಂತೆ. ಪೂಜೆ ಮುಗಿಯಿತು, ಬೀಗ ಉಳಿಯಿತು. ವಾಚ್‌ಮನ್‌ನನ್ನು ಕೇಳಿದರೆ "ಕೀಲಿ ಕಂಟ್ರಾಕ್ಟರ್ ಹತ್ರ ಐತ್ರೀ, ಅವ್ರು ಬೆಳಗಾವಿಗೆ ಹೋಗ್ಯಾರ" ಅನ್ನುತ್ತಾನೆ. ಪಾಪ, ಅವನದೇನು ತಪ್ಪು? ಹಾಲಿನವರು, ಶಾಲೆ ಮಕ್ಕಳು, ಚಿಗರಿ ಬಸ್ ಹಿಡಿಯುವವರು ಎಲ್ಲರೂ ಸುಮ್ನೆ ಊರು ಸುತ್ತಿಕೊಂಡು ಹೋಗುತ್ತಿದ್ದೇವೆ.

ಭಾಷಣದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರು ಬಂತಂತೆ. ಬರಲಿ ಬಿಡಿ. ಸ್ಟ್ಯಾನ್‌ಫರ್ಡಿನವರು ಜಮೀನು ಮಾರುವಂತಿರಲಿಲ್ಲ. ಹಾಗಾಗಿ 1951ರಲ್ಲಿ ಅದನ್ನು ಕಂಪನಿಗಳಿಗೆ ಲೀಸಿಗೆ ಕೊಡಲು ಶುರು ಮಾಡಿದರು. ಅಷ್ಟು ದೂರ ಯಾಕೆ, ನಮ್ಮ ಮದ್ರಾಸ್ ಐಐಟಿಯ ರಿಸರ್ಚ್ ಪಾರ್ಕಿನಲ್ಲಿ ಬಾಡಿಗೆ ಕೊಟ್ಟರಷ್ಟೇ ಸಾಲದು. ಕಂಪನಿಯವರು ಅಲ್ಲಿನ ಮೇಷ್ಟ್ರುಗಳು, ವಿದ್ಯಾರ್ಥಿಗಳ ಜೊತೆ ಕೆಲಸ ಮಾಡಿ ಕ್ರೆಡಿಟ್ ಅನ್ನುವ ಅಂಕ ಗಳಿಸಬೇಕು. ಇಲ್ಲಿ ಜಾಗ ಯಾರಿಗೆ, ಎಷ್ಟು ವರ್ಷಕ್ಕೆ, ಹುಡುಗರಿಗೆ ಅದರಿಂದ ಏನು? ವರದಿಯಲ್ಲಿ ಒಂದು ಸಾಲೂ ಇಲ್ಲ. ನನ್ನ ಮಗಳು ಅಲ್ಲೇ ಎಂ.ಎಸ್ಸಿ. ಓದುತ್ತಾಳೆ. ಡಿಸ್ಟಿಲ್ಡ್ ವಾಟರ್ ಇಲ್ಲವೆಂದು ಅವಳ ಪ್ರಾಕ್ಟಿಕಲ್ ಮುಂದಕ್ಕೆ ಹೋಗಿದೆ. ಲ್ಯಾಬಿಗೆ ಒಂದು ಕ್ಯಾನ್ ನೀರು ತರಿಸಲಾಗದವರು ಸಂಶೋಧನೆಯನ್ನು ಮಾರುಕಟ್ಟೆಗೆ ತರುತ್ತಾರಂತೆ!

ನೀರು ಅಂದಾಗ ನೆನಪಾಯಿತು. ನಮ್ಮ ಓಣಿಗೆ ನೀರು ಯಾವತ್ತು ಬರುತ್ತದೆ ಅಂತ ಸಾಹೇಬರನ್ನು ಕೇಳಿದರೆ ವಾಲ್ವ್‌ಮನ್‌ನನ್ನು ಕೇಳಿ ಅಂತಾರೆ, ಅವನು ಫೋನೇ ಎತ್ತುವುದಿಲ್ಲ. ಖಾತೆ ಬದಲಾವಣೆಗೆ ಹೋದಾಗಲೂ ಇದೇ ಹಾಡು. ಒಬ್ಬರು ಟೇಬಲ್ ತೋರಿಸುತ್ತಾರೆ, ಆ ಟೇಬಲ್ಲಿನವರು ಚಹಾಕ್ಕೆ ಹೋಗಿರುತ್ತಾರೆ. ಹುಬ್ಬಳ್ಳಿಯವರಿಗೆ ಚೆನ್ನಮ್ಮ ಸರ್ಕಲ್ಲಿನ ಫ್ಲೈಓವರ್ ಕೊಟ್ಟು ಧೂಳು ತಿನ್ನಿಸಿದರು. ಧಾರವಾಡದವರಿಗೆ ಬೇಜಾರಾಗಬಾರದಲ್ವಾ, ಅದಕ್ಕೇ ನಮಗೂ ಒಂದು ಗುಂಡಿ.

ಪಾರ್ಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಗೇಟ್ ತೆಗೆಯಿರಿ, ಇಲ್ಲವೇ ಗುಂಡಿ ಮುಚ್ಚಿ. ಎರಡೂ ಮಾಡಿದರೆ ಇನ್ನೂ ಒಳ್ಳೆಯದು. ಲೀಸಿನ ಲೆಕ್ಕವನ್ನೂ ಜನರ ಮುಂದೆ ಇಡಿ. ಮುಂದಿನ ಸಮಾರಂಭಕ್ಕೆ ಬರುವ ಸಾಹೇಬರು ಕಾರು ಬಿಟ್ಟು, ರಾತ್ರಿ ಹೊತ್ತು, ಇದೇ ದಾರಿಯಲ್ಲಿ ಸ್ಕೂಟಿ ಮೇಲೆ ಬರಲಿ. ತಿಂಗಳು ತುಂಬಿದ ಕೂಡಲೇ ಸಂಬಳ ಎಣಿಸುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಸುತ್ತಿ ಸುತ್ತಿ ಸಾಕಾದ ಒಬ್ಬ ನಿವಾಸಿ, ಧಾರವಾಡ